ಸೆರೆಯಾಳಿನ ಮೈ, ವಾರ್ಡನ್ನಿನ ಸಹಿ

(ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಭಾನುವಾರ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ ದಿನ. ಅದನ್ನು ಬಿಟ್ಟು ಬಸ್ಸು ಹಿಡಿದು ಬಂದಿದ್ದೀರಿ. ಆದ್ದರಿಂದ ಸುತ್ತಿಬಳಸಿ ಮಾತಾಡುವುದಿಲ್ಲ. ಯುದ್ಧಕೈದಿಗಳ ಮೇಲೆ ಡಾಕ್ಟರುಗಳು ನಡೆಸಿದ ಪ್ರಯೋಗಗಳ ಬಗ್ಗೆ ಮಾತಾಡಬೇಕು ಅಂತ ಸಂಘಟಕರು ಕರೆದರು. ಆಗ ನಿಮ್ಮಲ್ಲೇ ಒಬ್ಬ ಹುಡುಗ ಕೇಳಿದನಂತೆ: "ಅದು ಜಪಾನು, ಜರ್ಮನಿ ಕತೆ. ನಮಗ್ಯಾಕೆ? ನಮ್ಮ ಸ್ಕಾಲರ್‌ಶಿಪ್ ಬಂದಿಲ್ಲ, ಅದರ ಬಗ್ಗೆ ಮಾತಾಡಿ." ಸರಿಯಾದ ಪ್ರಶ್ನೆ. ನಾನು ದೂರದಿಂದ ಶುರು ಮಾಡಿದರೂ ಹೊನ್ನಾವರದ ಕಾಡಿಗೇ ಬಂದು ಮುಟ್ಟುತ್ತೇನೆ. ಆಮೇಲೆ ನಿಮ್ಮ ಹಾಸ್ಟೆಲಿನ ಬಾಗಿಲಿಗೂ ಬರುತ್ತೇನೆ. ಅಲ್ಲಿಯ ತನಕ ಸ್ವಲ್ಪ ತಾಳ್ಮೆ ಇರಲಿ.

ಚೀನಾದ ಈಶಾನ್ಯದಲ್ಲಿ ಹಾರ್ಬಿನ್ ಎಂಬ ಪಟ್ಟಣ, ಅದರ ಹೊರಗೆ ಪಿಂಗ್‌ಫಾಂಗ್. 1931ರಲ್ಲಿ ಜಪಾನಿನ ಸೈನ್ಯ ಆ ಸೀಮೆಯನ್ನು ಹಿಡಿಯಿತು. ಆಮೇಲೆ ಶಿರೋ ಇಶಿ ಎಂಬ ಸೇನಾ ವೈದ್ಯ ಅಲ್ಲಿ ದೊಡ್ಡದೊಂದು ಕೋಟೆಯಂಥ ಕಟ್ಟಡ ಎಬ್ಬಿಸಿದ. ಕಾಗದದ ಮೇಲೆ ಅದರ ಹೆಸರು ಸಾಂಕ್ರಾಮಿಕ ರೋಗ ತಡೆ ಮತ್ತು ನೀರು ಶುದ್ಧೀಕರಣ ಇಲಾಖೆ. ಕೇಳಲಿಕ್ಕೆ ಎಷ್ಟು ಚೆಂದ ನೋಡಿ! ಸೈನ್ಯದ ಲೆಕ್ಕದಲ್ಲಿ ಅದು 731ನೇ ತುಕಡಿ. ಒಳಗೆ ಕೂಡಿಹಾಕಿದ್ದು ಚೀನೀ ಸೈನಿಕರನ್ನು, ಗೆರಿಲ್ಲಾಗಳನ್ನು, ರಷ್ಯನ್ನರನ್ನು, ಕೊರಿಯನ್ನರನ್ನು, ಅನುಮಾನದ ಮೇಲೆ ಹಿಡಿದು ತಂದ ರೈತರನ್ನು, ಹೆಂಗಸರನ್ನು. ಅವರ ಮೈಗೆ ಪ್ಲೇಗು, ಕಾಲರಾ, ಆಂಥ್ರಾಕ್ಸ್ ರೋಗಾಣು ಚುಚ್ಚಿದರು. ಕೊರೆಯುವ ಚಳಿಯಲ್ಲಿ ಕೈಗಳನ್ನು ಹೊರಗೆ ಒಡ್ಡಿಸಿ, ಮಾಂಸ ಹೆಪ್ಪುಗಟ್ಟಿದ ಮೇಲೆ ಯಾವ ಬಿಸಿಯ ನೀರಿನಲ್ಲಿ ಅದ್ದಿದರೆ ಏನಾಗುತ್ತದೆ ಅಂತ ಅಳೆದರು. ರೋಗ ಒಳಗೆ ಎಲ್ಲಿಯ ತನಕ ಹರಡಿದೆ ಅಂತ ನೋಡಲಿಕ್ಕೆ ಜೀವಂತ ಮನುಷ್ಯರ ಹೊಟ್ಟೆ ಕೊಯ್ದರು. ಆ ಒಂದು ಕಟ್ಟಡದಲ್ಲೇ ಸತ್ತವರು 3000ಕ್ಕೆ ಕಡಿಮೆಯಿಲ್ಲ ಅನ್ನುವುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಪ್ಲೇಗಿನ ಚಿಗಟಗಳನ್ನು ವಿಮಾನದಿಂದ ಚೀನಾದ ಊರುಗಳ ಮೇಲೆ ಸುರಿದಾಗ ಸತ್ತವರ ಲೆಕ್ಕ ಬೇರೆ. 1940ರ ಅಕ್ಟೋಬರಿನಲ್ಲಿ ನಿಂಗ್ಬೋ ಪಟ್ಟಣದ ಮೇಲೆ ಸುರಿದರು.

ಅಲ್ಲಿ ಕೈದಿಗಳಿಗೆ ಹೆಸರು ಇರಲಿಲ್ಲ, ನಂಬರು ಇತ್ತು. ಒಟ್ಟಾಗಿ ಅವರನ್ನು 'ಮರುತಾ' ಅಂತ ಕರೆಯುತ್ತಿದ್ದರು. ಜಪಾನೀ ಮಾತಿನಲ್ಲಿ ಮರುತಾ ಅಂದರೆ ಮರದ ದಿಮ್ಮಿ. "ಇವತ್ತು ಎಷ್ಟು ದಿಮ್ಮಿ ಬಿದ್ದವು?" ಮನುಷ್ಯನನ್ನು ಕೊಯ್ಯುವ ಮೊದಲು ಅವನ ಹೆಸರನ್ನು ಕೊಯ್ಯಬೇಕಾಗುತ್ತದೆ. ಅಜ್ಜನನ್ನು ಹೆಸರು ಹಿಡಿದು ಕರೆಯದೆ ಜಾತಿ ಹಿಡಿದು ಕರೆದ ಕೇರಿಗಳಿಂದ ಬಂದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಇದನ್ನು ಮಾಡಿದವರು ಹುಚ್ಚರಲ್ಲ, ಕಟುಕರಲ್ಲ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದ ಡಾಕ್ಟರುಗಳು. ತಾವು ಕಂಡದ್ದನ್ನು ವೈದ್ಯಕೀಯ ಪತ್ರಿಕೆಗಳಿಗೆ ಬರೆದು ಕಳಿಸಿದರು. ಅದರಲ್ಲಿ "ಮನುಷ್ಯರ ಮೇಲೆ ಮಾಡಿದೆವು" ಅಂತ ಬರೆಯಲಾಗುತ್ತದೆಯೇ? "ಮಂಗಗಳ ಮೇಲೆ ಮಾಡಿದೆವು" ಅಂತ ಬರೆದರು. ಈ ಮಂಗ ಎಂಬ ಮಾತು ಇರಲಿ, ಮುಂದೆ ನಮ್ಮ ಕಡೆಗೆ ಬಂದಾಗ ಇನ್ನೊಮ್ಮೆ ಬರುತ್ತದೆ.

1945ರಲ್ಲಿ ಜಪಾನು ಸೋತಿತು. ಇಶಿಯ ಜನ ಉಳಿದ ಕೈದಿಗಳನ್ನು ಕೊಂದು, ಕಟ್ಟಡ ಸಿಡಿಸಿ, ಊರಿಗೆ ಓಡಿದರು. ಇವರನ್ನು ಹಿಡಿದು ನೇಣಿಗೆ ಹಾಕಿದರು ಅಂತ ತಿಳಿದಿದ್ದರೆ ತಪ್ಪು. ಅಮೆರಿಕದ ರೋಗಾಣು ಯುದ್ಧದ ಕೇಂದ್ರ ಕ್ಯಾಂಪ್ ಡೆಟ್ರಿಕ್‌ನಿಂದ ವಿಜ್ಞಾನಿಗಳು ಒಬ್ಬರ ಹಿಂದೆ ಒಬ್ಬರು ಬಂದರು. ನಿಮ್ಮಲ್ಲಿರುವ ಲೆಕ್ಕ, ಟಿಪ್ಪಣಿ, ಮನುಷ್ಯರ ಒಳಭಾಗದ ತುಣುಕುಗಳನ್ನು ಕೊಡಿ, ನಿಮ್ಮ ಮೇಲೆ ಕೇಸು ಹಾಕುವುದಿಲ್ಲ ಅಂತ ಒಪ್ಪಂದವಾಯಿತು. 1947ರ ಕೊನೆಯಲ್ಲಿ ಎಡ್ವಿನ್ ಹಿಲ್ ಎಂಬ ವಿಜ್ಞಾನಿ ಕೊಟ್ಟ ವರದಿಯಲ್ಲಿ ಇದಕ್ಕೆಲ್ಲ ತಗುಲಿದ ಖರ್ಚು 250,000 ಯೆನ್, ಸಿಕ್ಕಿದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ ಎಂಬ ಅರ್ಥದ ಮಾತಿದೆ. ಮನುಷ್ಯರ ಮೇಲೆ ಇಂಥ ಪ್ರಯೋಗ ನಮ್ಮ ದೇಶದಲ್ಲಿ ಮಾಡುವಂತಿಲ್ಲ, ಆದ್ದರಿಂದ ಬೇರೆಯವರು ಮಾಡಿದ್ದನ್ನು ಕೊಂಡುಕೊಳ್ಳುವುದು ಲಾಭ. ವ್ಯಾಪಾರದ ತರ್ಕ ಅಷ್ಟೇ. ಇಶಿ ತನ್ನ ಮನೆಯಲ್ಲಿ ಬದುಕಿ 1959ರಲ್ಲಿ ಕಾಯಿಲೆಯಿಂದ ಸತ್ತ. ಅವನ ಬಲಗೈ ನೈಟೋ ಎಂಬವನು ರಕ್ತ ಮಾರುವ ಕಂಪನಿ ತೆರೆದ. ಅದೇ ಮುಂದೆ ಗ್ರೀನ್ ಕ್ರಾಸ್ ಆಯಿತು, 1980ರ ದಶಕದಲ್ಲಿ ಎಚ್‌ಐವಿ ಸೇರಿದ ರಕ್ತದ ಔಷಧಿ ಮಾರಿದ ಹಗರಣದಲ್ಲಿ ಸಿಕ್ಕಿಬಿತ್ತು. ಸೋವಿಯತ್ತಿನವರು ಮಾತ್ರ 1949ರ ಡಿಸೆಂಬರಿನಲ್ಲಿ ಖಬರೋವ್‌ಸ್ಕ್‌ನಲ್ಲಿ 12 ಜನರ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟರು. ಪಶ್ಚಿಮದವರು ಅದನ್ನು ಕಮ್ಯುನಿಸ್ಟರ ಪ್ರಚಾರ ಅಂತ ತಳ್ಳಿಹಾಕಿದರು.

ಆದರೆ ಅದೇ ಜಪಾನಿನ ಇನ್ನೊಂದು ಕೇಸು ನೋಡಿ. 1945ರ ಮೇ, ಜೂನ್ ತಿಂಗಳಲ್ಲಿ ಕ್ಯುಶು ವಿಶ್ವವಿದ್ಯಾಲಯದಲ್ಲಿ ಎಂಟು ಮಂದಿ ಅಮೆರಿಕನ್ ವಿಮಾನ ಸೈನಿಕರನ್ನು ಜೀವಂತ ಕೊಯ್ದು ಕೊಂದರು. ಅವರ ನೆತ್ತರಿನ ಜಾಗಕ್ಕೆ ಸಮುದ್ರದ ನೀರು ಹರಿಸಿ ನೋಡಿದರು. ಆ ಡಾಕ್ಟರುಗಳನ್ನು ಅಮೆರಿಕ ಬಿಡಲಿಲ್ಲ. 1948ರಲ್ಲಿ ಯೊಕೊಹಾಮಾದಲ್ಲಿ ವಿಚಾರಣೆ ನಡೆಸಿ ಮರಣದಂಡನೆಯವರೆಗೂ ಶಿಕ್ಷೆ ವಿಧಿಸಿತು, ಆಮೇಲೆ ಇಳಿಸಿತು. ಎಂಟು ಬಿಳಿಯರ ಜೀವಕ್ಕೆ ಕೋರ್ಟು ಕೂತಿತು. ಮೂರು ಸಾವಿರ ದಿಮ್ಮಿಗಳಿಗೆ ಕೋರ್ಟು ಇಲ್ಲ, ರಸೀದಿ ಮಾತ್ರ.

ಜರ್ಮನಿಯ ಕತೆ ನಿಮಗೆ ಪುಸ್ತಕದಲ್ಲಿ ಅಷ್ಟಿಷ್ಟು ಸಿಕ್ಕಿದೆ. ಡಾಕಾವ್ ಶಿಬಿರದಲ್ಲಿ ಸೋವಿಯತ್ ಯುದ್ಧಕೈದಿಗಳನ್ನೂ ಹಿಮದ ನೀರಿನಲ್ಲಿ ಮುಳುಗಿಸಿ ಎಷ್ಟು ಹೊತ್ತಿಗೆ ಸಾಯುತ್ತಾರೆ ಅಂತ ಗಡಿಯಾರ ಹಿಡಿದು ನೋಡಿದರು. ಅಲ್ಲಿ ನ್ಯೂರೆಂಬರ್ಗ್‌ನಲ್ಲಿ 23 ಜನರ ವಿಚಾರಣೆ ನಡೆದು, 16 ಜನ ಅಪರಾಧಿಗಳೆಂದು ತೀರ್ಪಾಗಿ, ಏಳು ಜನರನ್ನು 1948ರಲ್ಲಿ ಗಲ್ಲಿಗೆ ಹಾಕಿದರು. 1947ರ ಆಗಸ್ಟಿನ ಆ ತೀರ್ಪಿನಲ್ಲೇ ಹತ್ತು ನಿಯಮಗಳನ್ನು ಬರೆದರು. ಅದಕ್ಕೆ ನ್ಯೂರೆಂಬರ್ಗ್ ಸಂಹಿತೆ ಅನ್ನುತ್ತಾರೆ. ಮೊದಲನೇ ನಿಯಮ: ಯಾರ ಮೇಲೆ ಪ್ರಯೋಗವೋ ಅವರು ತಿಳಿದು, ಯಾರ ಬಲವಂತವೂ ಇಲ್ಲದೆ ಒಪ್ಪಬೇಕು. ಒಂಬತ್ತನೆಯದು: ಅವರು ಬೇಡ ಅಂದ ಕ್ಷಣ ಬಿಟ್ಟು ಹೊರಗೆ ಹೋಗಬಹುದು. ಆ ಆಗಸ್ಟು ಯಾವುದು ಗೊತ್ತಲ್ಲ? ನಮಗೆ ಸ್ವಾತಂತ್ರ್ಯ ಬಂದ ವಾರದಲ್ಲೇ ಬಂದ ತೀರ್ಪು ಅದು.

ಈಗ ಗೆದ್ದವರ ಮನೆಯೊಳಗೆ ಇಣುಕೋಣ. ರಾವಲ್ಪಿಂಡಿ ಆಗ ಬ್ರಿಟಿಷ್ ಇಂಡಿಯಾದ ದಂಡು ಇದ್ದ ಊರು. ಅಲ್ಲಿ 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ಪೋರ್ಟನ್ ಡೌನ್ ವಿಜ್ಞಾನಿಗಳು ನೂರಾರು ಭಾರತೀಯ ಸಿಪಾಯಿಗಳ ಮೇಲೆ ಮಸ್ಟರ್ಡ್ ಗ್ಯಾಸ್ ಪರೀಕ್ಷೆ ಮಾಡಿದರು. ಚಡ್ಡಿ, ಹತ್ತಿಬಟ್ಟೆಯ ಅಂಗಿ ತೊಡಿಸಿ ಗ್ಯಾಸಿನ ಕೋಣೆಗೆ ಕಳಿಸಿದರು. ಉದ್ದೇಶ ಏನು ಅಂತೀರಿ? ಕಪ್ಪು ಚರ್ಮ ಹೆಚ್ಚು ಸುಡುತ್ತದೋ, ಬಿಳಿ ಚರ್ಮ ಹೆಚ್ಚು ಸುಡುತ್ತದೋ ಅಂತ ತಿಳಿಯುವುದು! ಎಷ್ಟೋ ಜನಕ್ಕೆ ಮೈ ಸುಟ್ಟು ಆಸ್ಪತ್ರೆ ಸೇರಬೇಕಾಯಿತು. ಆಮೇಲೆ ಅವರ ಗತಿ ಏನಾಯಿತೆಂದು ಯಾರೂ ಹಿಂಬಾಲಿಸಿ ನೋಡಲಿಲ್ಲ. ಕಡತಗಳು ಲಂಡನ್ನಿನ ದಫ್ತರದಲ್ಲಿ ಮಲಗಿದ್ದವು, 2007ರಲ್ಲಿ ಪತ್ರಿಕೆಗೆ ಬಂತು. ಅವರು ಶತ್ರುವಿನ ಕೈದಿಗಳಲ್ಲ, ತಮ್ಮದೇ ಸೈನ್ಯದ ಆಳುಗಳು. ಆದರೆ ಸಾಹೇಬನ ಆರ್ಡರಿಗೆ ಇಲ್ಲ ಅನ್ನುವ ಸಿಪಾಯಿ ಎಲ್ಲಿದ್ದಾನೆ?

ನನ್ನ ಪ್ರಶ್ನೆ ಇರುವುದು ಇಲ್ಲೇ. ಯುದ್ಧಕೈದಿ ಅಂದರೆ ಯಾರು? 'ಇಲ್ಲ' ಅನ್ನಲಾಗದವನು. ಮುಳ್ಳುತಂತಿಯ ಒಳಗೆ ಇರುವವನಿಗೆ ಅದು ಕಣ್ಣಿಗೆ ಕಾಣುತ್ತದೆ. ಮುಳ್ಳುತಂತಿ ಇಲ್ಲದೆಯೂ 'ಇಲ್ಲ' ಅನ್ನಲಾಗದವರು ಇದ್ದಾರೆ. ಹಾಗಂತ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಪಿಂಗ್‌ಫಾಂಗ್‌ನಲ್ಲಿ ಕೊಲ್ಲುವುದೇ ಕೆಲಸವಾಗಿತ್ತು. ಇನ್ನು ಮುಂದೆ ನಾನು ಹೇಳುವ ಕಡೆಗಳಲ್ಲಿ ಕಾಯಿಲೆ ತಡೆಯುವುದೇ ಕೆಲಸ. ವೇದಿಕೆ ಮೇಲೆ ನಿಂತು ಎರಡೂ ಒಂದೇ ಅಂತ ಕೂಗಿದರೆ ಚಪ್ಪಾಳೆ ಸಿಗುತ್ತದೆ, ಆದರೆ ಅದು ಸುಳ್ಳು.

ನಮ್ಮ ಜಿಲ್ಲೆ ಬಹಳ ಕಾಲ ಮುಂಬಯಿ ಪ್ರಾಂತ್ಯದಲ್ಲಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆ ಮಾಡಿದ. 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ, ಅದಕ್ಕೆ ಅವನಿಗೆ ಕೈ ಮುಗಿಯಬೇಕು. ಆಮೇಲೆ ದೊಡ್ಡ ಪರೀಕ್ಷೆಗೆ ಹೋದದ್ದು ಎಲ್ಲಿಗೆ? ಬೈಕಲಾ ಜೈಲಿಗೆ. ಒಪ್ಪಿ ಮುಂದೆ ಬಂದ ಕೈದಿಗಳಿಗೆ ಚುಚ್ಚಿದರು. ಚುಚ್ಚಿಸಿಕೊಂಡವರು ಉಳಿದರು, ಚುಚ್ಚಿಸಿಕೊಳ್ಳದವರಲ್ಲಿ ಕೆಲವರು ಪ್ಲೇಗಿನಿಂದ ಸತ್ತರು. ಲಸಿಕೆ ಕೆಲಸ ಮಾಡಿತು, ಮುಂದೆ ಹುಬ್ಬಳ್ಳಿ, ಧಾರವಾಡಗಳಲ್ಲಿ ಸಾವಿರ ಸಾವಿರ ಜನಕ್ಕೆ ಕೊಟ್ಟರು, ಜೀವಗಳು ಉಳಿದವು. ಎಲ್ಲ ನಿಜ. ಆದರೂ ಜೈಲಿನಲ್ಲಿ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? ಮಲಬಾರ್ ಹಿಲ್‌ನ ಬಂಗಲೆಗಳಲ್ಲಿ ಸಾಲು ಹಿಡಿಸಲಿಲ್ಲವಲ್ಲ.

ಇನ್ನು ನಮ್ಮ ಕಾಡು. ಮಂಗನ ಕಾಯಿಲೆ ನಿಮಗೆ ಹೊಸದಲ್ಲ. ಘಟ್ಟದ ಬದಿಯ ಹಳ್ಳಿಗಳಿಂದ ಬಂದವರ ಮನೆಯಲ್ಲಿ ಯಾರಿಗಾದರೂ ಬಂದಿರಲಿಕ್ಕೂ ಸಾಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಿಗೆ ಜೋರು ಜ್ವರ, ತಲೆನೋವು, ಸೊಂಟನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅದು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಮತ್ತು ನಮ್ಮ ಐಸಿಎಂಆರ್ ಸೇರಿ 1952ರಲ್ಲಿ ತೆರೆದ ಸಂಸ್ಥೆ. ಟೆಲ್‌ಫೋರ್ಡ್ ವರ್ಕ್ ಎಂಬ ಅಮೆರಿಕನ್ ಡಾಕ್ಟರ್ ಮುಂದಾಳು. ಅವರು ವೈರಸ್ ಹಿಡಿದರು, ಅದು ಹರಡುವುದು ಉಣುಗಿನಿಂದ ಅಂತ ತೋರಿಸಿದರು. ಒಳ್ಳೆಯ ಕೆಲಸ, ಬೇಗ ಮಾಡಿದ ಕೆಲಸ.

ಆ ವೈರಸ್ಸಿನ ದಾಯಾದಿಯೊಂದು ರಷ್ಯಾದ ಕಾಡುಗಳಲ್ಲಿತ್ತು. ಅದಕ್ಕೆಂದು ಇಲಿಯ ಮಿದುಳಿನಿಂದ ತಯಾರಿಸಿದ ಲಸಿಕೆ ತಂದು ಶಿವಮೊಗ್ಗ ಜಿಲ್ಲೆಯ ಹಳ್ಳಿಗರಿಗೆ ಚುಚ್ಚಿದರು. ಅದು ಕಾಪಾಡಲಿಲ್ಲ. ವರದಿಗಳು 1962ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದವು. ದರಕು ಗುಡಿಸಲು ಹೋಗಿ ತೋಳು ಒಡ್ಡಿದ ಹೆಂಗಸಿಗೆ ಅದನ್ನು ಯಾರು ಓದಿ ಹೇಳುತ್ತಾರೆ? ಇದನ್ನು ನಾನು ಅಪರಾಧ ಅನ್ನುವುದಿಲ್ಲ. ಜನ ಸಾಯುತ್ತಿದ್ದರು, ಕೈಯಲ್ಲಿ ಇದ್ದದ್ದನ್ನು ಕೊಟ್ಟರು. ಆದರೆ "ನಿನ್ನ ಮೈಮೇಲೆ ಪರೀಕ್ಷೆ ಮಾಡಿದೆವು ತಾಯಿ, ಅದು ಫಲಿಸಲಿಲ್ಲ" ಅಂತ ತಿರುಗಿ ಬಂದು ಹೇಳುವುದೂ ಸಾಲದ ಒಂದು ಭಾಗ.

ನಮ್ಮ ಕಾಡಿನ ವೈರಸ್ ಆಮೇಲೆ ಎಲ್ಲೆಲ್ಲಿಗೆ ಹೋಯಿತು ಕೇಳಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಹಿಂದೆ ಇಲ್ಲಿ ಮಂಗನ ಕಾಯಿಲೆ ರೋಗಿಗಳನ್ನು ನೋಡಿ ಹೋಗಿದ್ದ ವೆಬ್ ಎಂಬ ಡಾಕ್ಟರ್ ಮತ್ತು ಅವರ ಜೊತೆಯವರು ರಕ್ತಕ್ಯಾನ್ಸರ್ ಮತ್ತು ಬೇರೆ ಗಡ್ಡೆಗಳ 28 ರೋಗಿಗಳಿಗೆ ಲಂಗಾಟ್ ಎಂಬ ವೈರಸ್ ಮತ್ತು ಈ ಕ್ಯಾಸನೂರು ವೈರಸ್ ಚುಚ್ಚಿ ನೋಡಿದರು. ವೈರಸ್ ಗಡ್ಡೆಯನ್ನು ತಿಂದೀತು ಎಂಬ ಆಸೆ. ಕೆಲವರಿಗೆ ಮಿದುಳಿನ ಉರಿಯೂತ ಬಂತು. 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿದೆ, ಗುಟ್ಟೇನಲ್ಲ. ಸಾಯುವವನೂ ಒಂದು ಥರದ ಸೆರೆಯಾಳೇ, ಅವನಿಗೆ ಬೇರೆ ದಾರಿ ಇರುವುದಿಲ್ಲ.

ಸೈನ್ಯದವರ ಕಣ್ಣೂ ಇತ್ತ ಬಿತ್ತು. ರಷ್ಯಾದ ವೈರಸ್ಸಿನ ದಾಯಾದಿ ಇಲ್ಲಿಗೆ ಹೇಗೆ ಬಂತು, ವಲಸೆ ಹಕ್ಕಿಗಳ ಮೈಯ ಉಣುಗಿನಿಂದ ಬಂತೇ ಅಂತ ಅನುಮಾನ. 1959ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ಮುಂದಾಳುತನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕಲು ಶುರು ಮಾಡಿತು. ಮುಂದೆ ಅದಕ್ಕೆ ಅಮೆರಿಕದ ಸೈನ್ಯದ ದುಡ್ಡು ಬಂತು. 1974ರಲ್ಲಿ ಪತ್ರಿಕೆಗಳು ಇದನ್ನು ಎತ್ತಿದವು, 1975ರಲ್ಲಿ ಸಂಸತ್ತಿನ ಪಬ್ಲಿಕ್ ಅಕೌಂಟ್ಸ್ ಕಮಿಟಿ ವಿದೇಶೀ ದುಡ್ಡಿನ ಸಂಶೋಧನೆಗಳ ಮೇಲೆ ಕಟುವಾದ ವರದಿ ಕೊಟ್ಟಿತು. ರೋಗಾಣು ಯುದ್ಧಕ್ಕೆ ಬೇಕಾಗುವ ಮಾಹಿತಿ ನಮ್ಮಿಂದ ಹೋಗುತ್ತಿದೆಯೇ ಅಂತ ಕೇಳಿತು. ಕೇಳಲೇಬೇಕಾಗಿದ್ದ ಪ್ರಶ್ನೆ.

ಆದರೆ "ಅಮೆರಿಕದವರೇ ಈ ರೋಗ ತಂದು ಬಿಟ್ಟರು" ಅಂತ ಮಲೆನಾಡಿನಲ್ಲಿ ಒಂದು ಮಾತಿದೆ. ಅದಕ್ಕೆ ಆಧಾರ ಇಲ್ಲ. ವೈರಸ್ಸಿನ ವಂಶಾವಳಿ ನೋಡಿದರೆ ಅದು 1957ಕ್ಕಿಂತ ಬಹಳ ಹಳೆಯದು, ಅದರ ಹತ್ತಿರದ ಸಂಬಂಧಿ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕಿತು. ಇಲ್ಲದ್ದನ್ನು ಹೇಳಿದರೆ ಇರುವುದನ್ನೂ ಯಾರೂ ನಂಬುವುದಿಲ್ಲ. ಇರುವುದು ಏನು? ಕಾಡು ಕಡಿದಲ್ಲೆಲ್ಲ ರೋಗ ಹೊರಗೆ ಬಂತು. 1982ರಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಸವರಿದರು, ಸವರಲು ಹೋದ ಕೂಲಿಗಳೇ ಮೊದಲು ಬಿದ್ದರು. ರೋಗ ನಮ್ಮ ಹೊನ್ನಾವರ, ಭಟ್ಕಳ, ಕುಮಟಾ ತಾಲೂಕುಗಳಿಗೂ ಇಳಿಯಿತು. ಯಾರಿಗೆ ಬರುತ್ತದೆ? ದರಕಿಗೆ, ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುವವರಿಗೆ. ಸೊಪ್ಪಿನ ಬೆಟ್ಟದ ಒಡೆಯನಿಗೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೊರೆ ಹೊರುವ ತಲೆ ಯಾರದ್ದು ಅಂತ ನಿಮಗೇ ಗೊತ್ತು.

1990ರಿಂದ ನಮ್ಮದೇ ಲಸಿಕೆ ಬಂತು. ಮೊದಲ ಪರೀಕ್ಷೆಗಳಲ್ಲಿ ಎರಡು ಡೋಸಿಗೆ ಚೆನ್ನಾಗಿ ಫಲ ಸಿಕ್ಕಿತು. ಆಮೇಲೆ 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿನ ಫಲ ನೂರಕ್ಕೆ 62ರ ಆಸುಪಾಸಿಗೆ ಇಳಿದಿತ್ತು. ಆದರೂ ಚುಚ್ಚುತ್ತಲೇ ಹೋದರು. ನೋವಿನ ಸೂಜಿ ಅದು, ತೋಳು ಎರಡು ದಿನ ಎತ್ತಲಾಗುತ್ತಿರಲಿಲ್ಲ ಅನ್ನುತ್ತಾರೆ ನಮ್ಮ ಹೆಂಗಸರು. ಕೊನೆಗೆ 2022ರಲ್ಲಿ ನಿಲ್ಲಿಸಿದರು. ಶಕ್ತಿ ಕುಂದಿದ ಲಸಿಕೆಯನ್ನು ಅಷ್ಟು ವರ್ಷ ಬೆಂಗಳೂರಿನ ಜನಕ್ಕೆ ಚುಚ್ಚುತ್ತಿದ್ದರೇ ಅಂತ ಕೇಳಿದರೆ ಯಾರಿಗಾದರೂ ಸಿಟ್ಟು ಬರಬಹುದು, ಬರಲಿ.

ಈಗ ನಿಮ್ಮ ಹಾಸ್ಟೆಲಿಗೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸುಮಾರು 14,000 ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಟ್ಟರು. ಗುಜರಾತಿನ ವಡೋದರಾದಲ್ಲೂ ಕೊಟ್ಟರು. ಪಾತ್ ಎಂಬ ಅಮೆರಿಕದ ಸಂಸ್ಥೆ, ಜೊತೆಗೆ ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳು. ಖಮ್ಮಂನಲ್ಲಿ ಅನೇಕರು ಆದಿವಾಸಿ ಹುಡುಗಿಯರು, ಆಶ್ರಮಶಾಲೆಯ ಹಾಸ್ಟೆಲುಗಳಲ್ಲಿ ಇದ್ದವರು. ಏಳು ಸಾವುಗಳ ಸುದ್ದಿ ಬಂತು, 2010ರ ಏಪ್ರಿಲಿನಲ್ಲಿ ನಿಲ್ಲಿಸಿದರು. ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂಬ ಕಡೆಗೇ ಸರ್ಕಾರಿ ತನಿಖೆ ವಾಲಿತು. ಆ ಲಸಿಕೆ ಲೋಕದ ತುಂಬ ಬಳಕೆಯಲ್ಲಿದೆ, ಒಳ್ಳೆಯ ಲಸಿಕೆ, ತಂಗಿಯರೇ, ಸಿಕ್ಕಿದರೆ ತಿಳಿದು ಹಾಕಿಸಿಕೊಳ್ಳಿ. ತಕರಾರು ಬೇರೆ. 2013ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಕೊಟ್ಟ ವರದಿ ನೋಡಿ: ಆಂಧ್ರದಲ್ಲಿ ಪರಿಶೀಲಿಸಿದ 9543 ಒಪ್ಪಿಗೆ ಪತ್ರಗಳಲ್ಲಿ 1948ರ ಮೇಲೆ ಹೆಬ್ಬೆಟ್ಟು. 2763ರ ಮೇಲೆ ಹಾಸ್ಟೆಲ್ ವಾರ್ಡನ್ನಿನ ಸಹಿ.

ವಾರ್ಡನ್ನಿನ ಸಹಿ! ಅಪ್ಪ ಕಾಡಿನಲ್ಲಿ, ಅವ್ವ ಕೂಲಿಯಲ್ಲಿ. ಹುಡುಗಿಗೆ ಊಟ ಹಾಕುವ, ರಜೆ ಕೊಡುವ, ಹೆಸರು ಕಡಿಯುವ ಅಧಿಕಾರ ಯಾರಿಗಿದೆಯೋ ಅವರೇ ಅವಳ ಮೈಮೇಲೂ ಸಹಿ ಹಾಕಿದರು. ವಾರ್ಡನ್ನರು ಕೆಟ್ಟವರು ಅಂತಲ್ಲ. ಮೇಲಿನಿಂದ ಫಾರಂ ಬಂತು, ಸಂಜೆಯೊಳಗೆ ತುಂಬಿ ಕಳಿಸಿ ಅಂದರು, ಕಳಿಸಿದರು. ಅವರಿಗೂ 'ಇಲ್ಲ' ಅನ್ನುವ ಧೈರ್ಯ ಇಲ್ಲ. ಸಾಲು ಹೀಗೆಯೇ ಮೇಲಿನ ತನಕ ಹೋಗುತ್ತದೆ.

ಇದನ್ನೆಲ್ಲ ಇವತ್ತು ಯಾಕೆ ಹೇಳಿದೆ ಅಂದರೆ, ಮಂಗನ ಕಾಯಿಲೆಗೆ ಹೊಸ ಲಸಿಕೆ ತರಲು ಐಸಿಎಂಆರ್ ಕೈ ಹಾಕಿದೆ. ಅದು ಬೇಕು. ಬೇಗ ಬೇಕು. ಡಿಸೆಂಬರಿನಿಂದ ಮೇ ತನಕ ನಮ್ಮವರು ಮೈಗೆ ಎಣ್ಣೆ ಸವರಿಕೊಂಡು ಕಾಡಿಗೆ ಹೋಗುವುದೊಂದೇ ದಾರಿ ಆಗಬಾರದು. ಆದರೆ ಲಸಿಕೆಗೆ ಫಲ ಉಂಟೋ ಇಲ್ಲವೋ ಅಂತ ಕೊನೆಗೆ ತಿಳಿಯುವುದು ರೋಗ ಇರುವ ಕಡೆಯಲ್ಲೇ. ಅಂದರೆ ಶಿವಮೊಗ್ಗದಲ್ಲಿ, ಸಿದ್ದಾಪುರದಲ್ಲಿ, ನಮ್ಮ ಘಟ್ಟದ ಕೆಳಗೆ. ಅಂಥ ದಿನ ಬಂದರೆ ಫಾರಂ ಹಿಡಿದು ನಿಮ್ಮ ಅವ್ವನ ಹತ್ತಿರ ಬರುತ್ತಾರೆ. ಅವಳ ಪಕ್ಕದಲ್ಲಿ ಓದು ಬಲ್ಲವರು ನೀವೇ ಇರಬೇಕು.

ಕಾನೂನು ಈಗ ನಮ್ಮ ಕಡೆಗಿದೆ. 2019ರ ನಿಯಮಗಳ ಪ್ರಕಾರ ಒಪ್ಪಿಗೆ ಬರಹದಲ್ಲಿ ಇರಬೇಕು, ಅದು ಪರೀಕ್ಷೆ ಅಂತಲೂ, ಏನು ಅಪಾಯ ಅಂತಲೂ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದಲು ಬಾರದವರಿಗೆ ಪರೀಕ್ಷೆಯವರ ಕಡೆಗೆ ಸೇರದ ಒಬ್ಬ ಸಾಕ್ಷಿ ಕೂತಿರಬೇಕು. ಪರೀಕ್ಷೆಯಿಂದ ಮೈಗೆ ಕೇಡಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಅವರದ್ದು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಬಿಟ್ಟರೆ ಆಸ್ಪತ್ರೆಯಲ್ಲಿ ಮಾಮೂಲಿ ಔಷಧ ನಿಲ್ಲಿಸುವಂತಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಒತ್ತಡಕ್ಕೆ ಸುಲಭವಾಗಿ ಸಿಗುವವರು ಯಾರು ಅಂತ ಹೇಳುವಾಗ ಕೈದಿಗಳು, ಬಡವರು ಬರುತ್ತಾರೆ, ವಿದ್ಯಾರ್ಥಿಗಳೂ ಬರುತ್ತಾರೆ. ಹದಿನೆಂಟು ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಏಳು ದಾಟಿದ ಮಕ್ಕಳ ಸ್ವಂತ ಸಮ್ಮತಿಯೂ ಬೇಕು. ಬರೆದಿಟ್ಟದ್ದು ತಾನಾಗಿ ನಡೆಯುವುದಿಲ್ಲ, ಕೇಳುವವರು ಬೇಕು.

ಕೇಳುವುದೂ ಕಷ್ಟವೇನಿಲ್ಲ. "ಸಾರ್, ಇದು ಚಿಕಿತ್ಸೆಯೋ, ಪರೀಕ್ಷೆಯೋ? ಇದಕ್ಕೆ ಯಾವ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಿದೆ? ಫಾರಂನ ಒಂದು ಪ್ರತಿ ನಮಗೆ ಕೊಡಿ. ಫಲಿತಾಂಶ ಬಂದ ಮೇಲೆ ನಮ್ಮ ಊರಿಗೆ ಬಂದು ಹೇಳುತ್ತೀರಾ?" ಅಷ್ಟೇ. ಸಿಟ್ಟು ಮಾಡಬೇಕಾಗಿಲ್ಲ, ಕಲ್ಲು ಎತ್ತಬೇಕಾಗಿಲ್ಲ. ಒಳ್ಳೆಯ ಡಾಕ್ಟರಾದರೆ ಖುಷಿಯಿಂದ ಕೂತು ಹೇಳುತ್ತಾರೆ, ಅಂಥವರೂ ಬೇಕಾದಷ್ಟು ಇದ್ದಾರೆ. ಹೇಳಲಿಕ್ಕೆ ಪುರುಸೊತ್ತಿಲ್ಲ ಅಂದರೆ ಅವ್ವನಿಗೆ ಹೇಳಿ, ಹೆಬ್ಬೆಟ್ಟಿಗೆ ಮಸಿ ಹಚ್ಚಬೇಡ ಅಂತ.

ಬಾಗಿಲ ಹತ್ತಿರದ ಮೇಜಿನ ಮೇಲೆ ಆ ನಿಯಮಗಳ ಮುಖ್ಯ ಭಾಗಗಳನ್ನು ಕನ್ನಡದಲ್ಲಿ ಬರೆದು ಕಲ್ಲಚ್ಚು ಮಾಡಿಸಿದ ಹಾಳೆಗಳಿವೆ. ಒಂದು ಹಾಸ್ಟೆಲಿಗೆ ಹತ್ತರಂತೆ ತೆಗೆದುಕೊಂಡು ಹೋಗಿ. ಭಟ್ಕಳದವರು ಮೊದಲು ಪ್ರಶ್ನೆ ಕೇಳಲಿ, ಅವರ ಬಸ್ಸಿಗೆ ಹೊತ್ತಾಯಿತು.